‘ಕಡಲು ಬತ್ತಿತೇನೋ?’: ನೂರು ಲೀಟರ್ ಹವಳದ ತೊಟ್ಟಿಯ ದಿನಚರಿ

ಹತ್ತು ಕಿಲೋ ಉಪ್ಪಿನ ಡಬ್ಬಿಯನ್ನು ಕೊರಿಯರ್ ಹುಡುಗ ಜಗಲಿಯ ಮೇಲಿಟ್ಟು ಹೋದಾಗ ಮಾವ ಅಲ್ಲೇ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೋಣಿಯಲ್ಲಿ ದುಡಿದವರು. ಡಬ್ಬಿಯ ಮೇಲಿನ ಹವಳದ ಚಿತ್ರ ನೋಡಿದರು, ಬಿಲ್ಲು ನೋಡಿದರು, ಗಂಗೊಳ್ಳಿಯ ಕಡಲಿನ ದಿಕ್ಕಿಗೆ ಒಮ್ಮೆ ಕತ್ತು ಹೊರಳಿಸಿದರು. ‘ಕಡಲು ಬತ್ತಿತೇನೋ?’ ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ, ಮೀನು ಸಾಕಲು ಹೊರಟಿದ್ದೆ; ಆ ಉಪ್ಪು ಅದರ ನೀರಿಗೆ. ನಮ್ಮ ಮನೆಯಿಂದ ಕಡಲಿಗೆ ಒಂದೂವರೆ ಕಿಲೋಮೀಟರ್. ಕ್ಯಾನು ಹಿಡಿದು ಹೋದರೆ ನೀರು ಪುಕ್ಕಟೆ. ನಾನೂ ಆ ಲೆಕ್ಕದಲ್ಲೇ ಹೊರಟವನು. ಆದರೆ ತೊಟ್ಟಿ ಕಟ್ಟುವ ಹಿಂದಿನ ವರ್ಷ ಒಂದು ರಿಫ್ರ್ಯಾಕ್ಟೋಮೀಟರ್ ಕೊಂಡಿದ್ದೆ. ಎರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಉಪ್ಪಿನಂಶ ತೋರಿಸುವ, ಗೇಣುದ್ದದ ಕೊಳವೆ. ಜನವರಿಯಲ್ಲಿ ದಡದ ನೀರು ಸಾವಿರಕ್ಕೆ 34 ತೋರಿಸಿತು. ಹವಳಕ್ಕೆ ಬೇಕಾದದ್ದು 35, ಪರವಾಗಿಲ್ಲ ಎಂದುಕೊಂಡೆ. ಜುಲೈಯಲ್ಲಿ ಅದೇ ಜಾಗದಲ್ಲಿ ನಿಂತು ನೋಡಿದರೆ 19. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿದಂತೆ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಘಟ್ಟದ ನೀರೆಲ್ಲ ಇಳಿದು ಬಂದ ಮೇಲೆ ದಡದ ಕಡಲು ಕೆಂಪಗೆ, ಚಪ್ಪೆಯಾಗಿ ಬಿದ್ದಿರುತ್ತದೆ. ದೂರದ ನೀರನ್ನು ದೋಣಿಯವರಿಂದ ತರಿಸೋಣವೆಂದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ವಾರ ವಾರವೂ ಒಂದೇ ಹದದ ನೀರು ಬೇಕಾದ ಪ್ರಾಣಿಗಳನ್ನು ಈ ಭರವಸೆಯ ಮೇಲೆ ಸಾಕಲಾಗುವುದಿಲ್ಲ. ಮಾವನಿಗೆ ಇದನ್ನೆಲ್ಲ ಹೇಳಿದೆ. ಮಳೆಗಾಲದ ನೀರು ಚಪ್ಪೆ ಎಂಬುದನ್ನು ಅವರು ಒಪ್ಪಿದರು, ಉಪ್ಪಿಗೆ ಕೊಟ್ಟ ದುಡ್ಡನ್ನು ಒಪ್ಪಲಿಲ್ಲ.

ಅಮ್ಮನ ಸಲಹೆ ಬೇರೆ: ಗೋಕರ್ಣದ ಹತ್ತಿರ ಸಾಣಿಕಟ್ಟಾ ಗದ್ದೆಗಳ ಉಪ್ಪು ಕಡಲಿನಿಂದಲೇ ಬಂದದ್ದಲ್ಲವೇ, ಅದನ್ನೇ ಕರಗಿಸು. ಕೇಳಲು ಸರಿಯಾಗಿದೆ. ಆದರೆ ಗದ್ದೆಯಲ್ಲಿ ನೀರು ಆರುವಾಗ ಮೊದಲು ಸುಣ್ಣದಂಶ ತಳಕ್ಕೆ ಕೂರುತ್ತದೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕೊನೆಯ ಕಹಿ ನೀರಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಕೈಗೆ ಬರುವುದು ಕಡಲಿನ ಒಂದು ಪಾಲು ಮಾತ್ರ. ಅದನ್ನು ಕರಗಿಸಿದರೆ ಉಪ್ಪುನೀರಾಗುತ್ತದೆ, ಕಡಲಿನ ನೀರಾಗುವುದಿಲ್ಲ. ಹಾಗೆಂದು ಅಮ್ಮನ ಹರಳುಪ್ಪು ವ್ಯರ್ಥವಾಗಲಿಲ್ಲ. ಅದು ಕಲ್ಲಿಗೆ ಹೋಯಿತು.

ಕಲ್ಲಿನ ಕಥೆ ಹೀಗೆ. ಇಂಥ ತೊಟ್ಟಿಯಲ್ಲಿ ಕಲ್ಲು ಅಲಂಕಾರಕ್ಕಲ್ಲ; ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾಗಳಿಗೆ ಅದೇ ಮನೆ. ಬೇರೆ ದೇಶಗಳಲ್ಲಿ ಹಳೆಯ ಹವಳದ ಬಂಡೆಯ ಚೂರುಗಳನ್ನೇ ಕೊಂಡು ತರುತ್ತಾರೆ. ನಮ್ಮಲ್ಲಿ ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಯಾವ ರಕ್ಷಣೆಯೋ ಅದೇ. ಸತ್ತ ಹವಳದ ತುಂಡನ್ನು ದಡದಿಂದ ಹೆಕ್ಕಿ ತರುವುದೂ ಬೇಡ. ಹಾಗಾಗಿ ಅಕ್ಟೋಬರಿನಲ್ಲಿ ಹಿತ್ತಲಿನಲ್ಲಿ ಕುಳಿತು ಕಲ್ಲನ್ನು ನಾನೇ ಎರಕ ಹೊಯ್ದೆ. ಬಿಳಿ ಸಿಮೆಂಟು ಒಂದು ಪಾಲು, ಕುಟ್ಟಿದ ಚಿಪ್ಪು ಮೂರು ಪಾಲು, ಹರಳುಪ್ಪು ಎರಡು ಪಾಲು. ನೀರು ಆದಷ್ಟು ಕಡಿಮೆ, ಉಂಡೆ ಕಟ್ಟಲು ಬರುವಷ್ಟು. ಬಾಣಲೆಯಲ್ಲಿ ಒದ್ದೆ ಮರಳು ತುಂಬಿ, ಅದರಲ್ಲಿ ಕೈಯಿಂದ ಗುಂಡಿ ತೋಡಿ, ಬೆರಳು ತೂರಿಸಿ ಮಾಟೆಗಳನ್ನು ಮಾಡಿ ಸುರಿದೆ. ನಾಲ್ಕನೆಯ ದಿನ ತೆಗೆದು ಬಾವಿ ನೀರಿನ ಡ್ರಮ್ಮಿಗೆ ಹಾಕಿದರೆ ಉಪ್ಪು ಕರಗಿ ಕಲ್ಲಿನ ತುಂಬ ಸಣ್ಣ ತೂತುಗಳು ಉಳಿದವು. ಕೆಲಸ ಮುಗಿಯಿತು ಎನ್ನುವ ಹಾಗಿಲ್ಲ. ಹೊಸ ಸಿಮೆಂಟು ನೀರನ್ನು ಕ್ಷಾರ ಮಾಡುತ್ತದೆ. ಮೊದಲ ವಾರ ಪಿಎಚ್ 11ರ ಮೇಲಿತ್ತು. ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಾ 8.5ಕ್ಕಿಂತ ಕೆಳಗೆ ಬರಲು ಒಂಬತ್ತು ವಾರ ಹಿಡಿಯಿತು. ಬೇಸತ್ತು ಎರಡು ಸಣ್ಣ ತುಂಡುಗಳನ್ನು ಬಚ್ಚಲಿನ ಫ್ಲಶ್ ಟ್ಯಾಂಕಿನೊಳಗೆ ಇಟ್ಟಿದ್ದೆ, ಅಲ್ಲಿ ನೀರು ತಾನಾಗಿ ಬದಲಾಗುತ್ತದಲ್ಲ. ಉಪಾಯ ಚೆನ್ನಾಗಿ ಕೆಲಸ ಮಾಡಿತು. ಪ್ಲಂಬರ್ ಬಂದ ದಿನ ಮಾತ್ರ ಅಮ್ಮನ ಮುಖ ನೋಡಲಾಗಲಿಲ್ಲ.

ತೊಟ್ಟಿಯ ಅಳತೆ 60×40×40 ಸೆಂಟಿಮೀಟರ್, 8 ಮಿಲಿಮೀಟರ್ ಗಾಜು. ಕಬ್ಬಿಣದ ಸ್ಟ್ಯಾಂಡು ಉಪ್ಪಿನ ಗಾಳಿಗೆ ಎರಡು ಮಳೆಗಾಲ ತಡೆಯದು ಎಂದು ಗೊತ್ತಿದ್ದರಿಂದ ಕೆಂಪುಕಲ್ಲಿನಲ್ಲಿ ಎರಡು ಮೋಟುಗೋಡೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿ, ನಡುವೆ ಥರ್ಮಾಕೋಲ್ ಹಾಳೆ ಇಟ್ಟೆ. ನೀರು, ಕಲ್ಲು, ಮರಳು, ಗಾಜು ಎಲ್ಲ ಸೇರಿ ಒಂದೂವರೆ ಕ್ವಿಂಟಲ್ ಹತ್ತಿರ ಬರುತ್ತದೆ. ತೊಟ್ಟಿಯನ್ನು ಅಂಗಡಿಯಲ್ಲಿ ಜೋಡಿಸಿಕೊಟ್ಟಿದ್ದರು. ಅಂಗಳದಲ್ಲಿಟ್ಟು ಬಾವಿ ನೀರು ತುಂಬಿಸಿದ ಎರಡನೆಯ ದಿನ ಒಂದು ಮೂಲೆ ಬೆವರಿತು. ಹೊರಗಿನಿಂದ ಸಿಲಿಕೋನ್ ಬಳಿದರೆ ನಿಲ್ಲುವುದಿಲ್ಲ. ಹಳೆಯ ಸಿಲಿಕೋನಿಗೆ ಹೊಸದು ಅಂಟದು. ಒಳಗಿನ ಅಂಚನ್ನೆಲ್ಲ ಬ್ಲೇಡಿನಿಂದ ಕೆರೆದು, ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಬೂಷ್ಟು ತಡೆಯುವ ಔಷಧಿ ಬೆರೆಸದ ಸಾದಾ ಸಿಲಿಕೋನ್ ಎಳೆದೆ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಎಂಟು ದಿನ, ಮುಟ್ಟಲಿಲ್ಲ.

ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿ, 45×30×30. ಇದನ್ನೂ ಸಂಪ್ ಎಂದೇ ಕರೆಯುತ್ತಾರೆ. ಅಂಗಳದ ಸಂಪಿನೊಂದಿಗೆ ಗೊಂದಲವಾಗಿ ಮನೆಯಲ್ಲಿ ಇದಕ್ಕೆ ‘ಮರಿಸಂಪ್’ ಎಂದು ಹೆಸರಾಯಿತು. ಮೇಲಿನ ನೀರು ಪೈಪಿನಲ್ಲಿ ಇದಕ್ಕೆ ಇಳಿಯುತ್ತದೆ, ಪಂಪ್ ಮತ್ತೆ ಮೇಲೆ ಕಳಿಸುತ್ತದೆ. ಸ್ಕಿಮ್ಮರ್ ಇರುವುದೂ ಇಲ್ಲೇ: ಉಪ್ಪುನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ, ಅದಕ್ಕೆ ಅಂಟಿದ ಜಿಡ್ಡನ್ನು ನೊರೆಯಾಗಿ ಮೇಲಿನ ಬಟ್ಟಲಿಗೆ ತಳ್ಳುವ ಸಾಧನ. ಬಟ್ಟಲಲ್ಲಿ ವಾರಕ್ಕೊಮ್ಮೆ ಕಡು ಕಷಾಯದ ಬಣ್ಣದ್ದೊಂದು ಸಿಗುತ್ತದೆ. ತೆಂಗಿನ ಬುಡಕ್ಕೆ ಸುರಿಯುತ್ತೇನೆ.

ಇನ್ನು ಆ ಉಪ್ಪನ್ನು ಕರಗಿಸುವ ಸಿಹಿನೀರು. ಕೆಂಪುಕಲ್ಲಿನ ನೆಲದ ನಮ್ಮ ಬಾವಿ ನೀರು ಬಹಳ ತೆಳು, ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಬರೀ 60. ಆರ್‌ಒ ಆದ ಮೇಲೆ 4. ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ರುಚಿಗೆಂದು ಸ್ವಲ್ಪ ಹಸಿ ನೀರನ್ನು ಮರಳಿ ಬೆರೆಸುವ ತಿರುಪು ಇರುತ್ತದೆ, ಅದನ್ನು ಪೂರ್ತಿ ಮುಚ್ಚಿಕೊಳ್ಳಬೇಕು. ಉಳಿದ 4ನ್ನು ಸೊನ್ನೆ ಮಾಡಲು ಅಳಿದುಳಿದ ಲವಣವನ್ನೂ ಹಿಡಿದಿಡುವ ಡಿಐ ರಾಳದ ಕೊಳವೆ ಹಾಕಿದೆ. ನೀಲಿ ರಾಳ ಮುಗಿಯುತ್ತಾ ಬಂದಂತೆ ಕಂದಾಗುತ್ತದೆ. ನನ್ನದು ಆರು ತಿಂಗಳು ಬರಬೇಕಾದದ್ದು ಐದು ವಾರಕ್ಕೆ ಕಂದಾಯಿತು. ಅಂಗಡಿಯವನು ಇನ್ನೊಂದು ಪೊಟ್ಟಣ ಮಾರಲು ತಯಾರಿದ್ದ. ಕಳ್ಳ ಟಿಡಿಎಸ್ ಮೀಟರಿಗೆ ಕಾಣಿಸದವನು: ಬಾವಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್. ಅದು ಆರ್‌ಒ ಪೊರೆಯನ್ನು ಸಲೀಸಾಗಿ ದಾಟಿ ಬಂದು ರಾಳವನ್ನು ತಿಂದುಹಾಕುತ್ತದೆ. ಈಗ ಆರ್‌ಒ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಒಂದು ರಾತ್ರಿ ಗಾಳಿಯ ಪಂಪ್ ಬಿಟ್ಟು, ಬೆಳಿಗ್ಗೆ ರಾಳಕ್ಕೆ ಹಾಯಿಸುತ್ತೇನೆ. ಅದೇ ಅಳತೆಯ ರಾಳ ಆಮೇಲೆ ಐದು ತಿಂಗಳು ಬಂತು.

ಮಾಪನದ ಬಗ್ಗೆಯೂ ಒಂದು ಮಾತು. ರಿಫ್ರ್ಯಾಕ್ಟೋಮೀಟರನ್ನು ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ಸರಿಪಡಿಸಿ ಸುಮ್ಮನಿರುವುದು ಸಾಲದು. ಸೊನ್ನೆಯಲ್ಲಿ ಸರಿ ಇದ್ದ ನನ್ನದು 35ರಲ್ಲಿ ಎರಡು ಅಂಕ ತಪ್ಪಿತ್ತು. 36.5 ಗ್ರಾಂ ಅಡುಗೆಯ ಪುಡಿ ಉಪ್ಪಿಗೆ 963.5 ಗ್ರಾಂ ಶುದ್ಧ ನೀರು ಬೆರೆಸಿದರೆ ಈ ಉಪಕರಣದಲ್ಲಿ ಅದು 35 ಎಂದು ಕಾಣಬೇಕು. ಒಂದು ಸೀಸೆ ಮಾಡಿಟ್ಟುಕೊಂಡು ತಿಂಗಳಿಗೊಮ್ಮೆ ಅದಕ್ಕೇ ತಾಳೆ ನೋಡುತ್ತೇನೆ. ಅಂದರೆ ದಡದಲ್ಲಿ ನೋಡಿದ ಆ 34 ಮತ್ತು 19 ಕೂಡ ಒಂದೆರಡು ಅಂಕ ಆಚೀಚೆಯವೇ; ಮಾವನಿಗೆ ಇದನ್ನು ಇನ್ನೂ ಹೇಳಿಲ್ಲ.

ಫೆಬ್ರುವರಿ ಮೊದಲ ವಾರ ಉಪ್ಪುನೀರು ತುಂಬಿಸಿ, ಪೇಟೆಯಿಂದ ತಂದ ಒಂದು ಹಸಿ ಚಟ್ಲಿಯನ್ನು, ಅಂದರೆ ಸೀಗಡಿಯನ್ನು, ಕಾಲುಚೀಲದ ಬಲೆಯಲ್ಲಿ ಕಟ್ಟಿ ಒಳಗೆ ಬಿಟ್ಟೆ. ಸೀಗಡಿ ಕೊಳೆತು ಅಮೋನಿಯಾ ಹುಟ್ಟಬೇಕು, ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಬೇಕು, ಅದನ್ನು ನೈಟ್ರೇಟ್ ಮಾಡುವ ಇನ್ನೊಂದು ಬಗೆಯದು ಅದರ ಬೆನ್ನಿಗೆ ಬರಬೇಕು. ಎಂಟನೆಯ ದಿನ ಅಮೋನಿಯಾ 2 ಮುಟ್ಟಿತು. ನಾರುವ ಚಟ್ಲಿಯನ್ನು ತೆಗೆದೆ. ನೈಟ್ರೈಟ್ ಏರಿ ನಿಂತೇಬಿಟ್ಟಿತು, ಹದಿನಾರು ದಿನ ಅಲ್ಲಾಡಲಿಲ್ಲ. ಮೂವತ್ತಾರನೆಯ ದಿನ ಎರಡೂ ಸೊನ್ನೆ. ಅಷ್ಟೂ ದಿನ ಮನೆಗೆ ಬಂದವರೆಲ್ಲ ಬರೀ ಕಲ್ಲು ತುಂಬಿದ ತೊಟ್ಟಿಯನ್ನು ನೋಡಿ ಮೀನು ಸತ್ತುಹೋದವೇ ಎಂದು ಅನುಕಂಪದಿಂದ ಕೇಳುತ್ತಿದ್ದರು.

ಮೊದಲು ಎರಡು ಕ್ಲೌನ್ ಮೀನು ಬಂದವು, ತೊಟ್ಟಿಯಲ್ಲೇ ಹುಟ್ಟಿದ ಮರಿಗಳು. ಕಡಲಿನಲ್ಲಿ ಹಿಡಿದವು ಬೇಡವೆಂದು ಹಟ ಹಿಡಿದು ಹುಡುಕಿದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಈ ಮೀನನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿ ಕಲಿಸಿದ ಮೇಲೆ ಇದು ಕಷ್ಟದ ಮಾತೇನಲ್ಲ. ಹವಳಗಳಲ್ಲಿ ಮೃದು ಜಾತಿಗಳಿಗಷ್ಟೇ ಅಂಟಿಕೊಂಡೆ: ಅಣಬೆಯಂತೆ ಅರಳುವ ಡಿಸ್ಕೋಸೋಮಾ, ಗುಂಡಿಯಂತಿರುವ ಜೊಆಂಥಿಡ್, ಒಂದು ಚರ್ಮಹವಳ. ಜೊಆಂಥಿಡ್ ಇರುವ ಕಲ್ಲನ್ನು ಬರಿಗೈಯಲ್ಲಿ ಉಜ್ಜಬಾರದು, ಸ್ವಚ್ಛ ಮಾಡಲೆಂದು ಎಂದಿಗೂ ಕುದಿಸಬಾರದು. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಆವಿಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳುಂಟು.

ಏಪ್ರಿಲ್ ಬಂತು. ಈ ಇಡೀ ಕೆಲಸದಲ್ಲಿ ನನ್ನನ್ನು ನಿಜವಾಗಿ ಸತಾಯಿಸಿದ್ದು ಸೆಖೆ.

ಹವಳದ ಬಣ್ಣ ಅದರ ಮೈಯೊಳಗೆ ವಾಸಿಸುವ ಪಾಚಿಯದ್ದು. ಊಟದ ದೊಡ್ಡ ಪಾಲೂ ಆ ಪಾಚಿಯದ್ದೇ. ಬೇಸಿಗೆಯ ರೂಢಿಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೂ ಸಾಕು, ಹವಳ ಪಾಚಿಯನ್ನು ಹೊರಗೆ ದಬ್ಬಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಳುಚಿದ್ದು ಹೀಗೆ. ನಾನು ಇಟ್ಟುಕೊಂಡ ಗುರಿ 26.5 ಡಿಗ್ರಿ. ಏಪ್ರಿಲ್ ಎರಡನೆಯ ವಾರ ಮಧ್ಯಾಹ್ನ ತೊಟ್ಟಿ 30.8 ತೋರಿಸಿತು. ಅಣಬೆಗಳು ಮುದುಡಿದವು.

ಬೆಂಗಳೂರಿನ ಪರಿಚಯದವರು ನೀರಿನ ಮೇಲೆ ಫ್ಯಾನ್ ಹಾಯಿಸು ಎಂದರು. ಅವರಿಗೆ ಅದು ಮೂರು ಡಿಗ್ರಿ ಇಳಿಸುತ್ತದೆಯಂತೆ. ಒಂದು ಲೀಟರ್ ನೀರು ಆವಿಯಾಗುವಾಗ ಒಂದು ಯೂನಿಟ್ ವಿದ್ಯುತ್ತಿನ ಸುಮಾರು ಮೂರನೆಯ ಎರಡರಷ್ಟು ಶಾಖವನ್ನು ಹೊತ್ತೊಯ್ಯುತ್ತದೆ ನಿಜ. ಆದರೆ ಒಣಹಾಕಿದ ಬಟ್ಟೆಯೇ ಆರದ ನಮ್ಮೂರಿನ ಗಾಳಿಯಲ್ಲಿ ನೀರು ಆವಿಯಾಗುವುದೆಲ್ಲಿಗೆ? ಫ್ಯಾನ್ ಒಂದು ಡಿಗ್ರಿಯಷ್ಟು ಇಳಿಸಿ ಸುಸ್ತಾಯಿತು. ಮಂಜುಗಡ್ಡೆಯ ಬಾಟಲಿಗಳನ್ನು ಸರದಿಯಲ್ಲಿ ತೇಲಿಸಿದೆ. ತಾಪಮಾನ ದಿನಕ್ಕೆ ನಾಲ್ಕು ಬಾರಿ ಏರಿಳಿಯಿತು, ಅದು ಇನ್ನೂ ಕೆಟ್ಟದ್ದು. ನೀರು ತಣಿಸುವ ಸಿದ್ಧ ಯಂತ್ರದ, ಅಂದರೆ ಚಿಲ್ಲರ್‌ನ ಬೆಲೆ ತೊಟ್ಟಿ, ದೀಪ, ಪಂಪ್ ಎಲ್ಲದರ ಒಟ್ಟು ಬೆಲೆಗಿಂತ ಹೆಚ್ಚು.

ಭಾವ ಫ್ರಿಜ್, ಎಸಿ ರಿಪೇರಿ ಮಾಡುವವರು. ಹೋಟೆಲೊಂದು ಕೈಬಿಟ್ಟ ಹಳೆಯ ವಾಟರ್ ಕೂಲರನ್ನು ಹೊತ್ತು ತಂದರು. ಗ್ಯಾಸ್ ಸರಿ ಇತ್ತು, ಕಂಪ್ರೆಸರ್ ಗಟ್ಟಿ. ‘ಇದರ ತಾಮ್ರದ ಸುರುಳಿಯನ್ನು ನಿನ್ನ ಮರಿಸಂಪಿಗೆ ಇಳಿಸಿದರಾಯಿತು, ಅರ್ಧ ಗಂಟೆಯ ಕೆಲಸ’ ಎಂದು ಗ್ಯಾಸ್ ಟಾರ್ಚ್ ಹಚ್ಚಿಯೇಬಿಟ್ಟರು. ‘ಭಾವ, ನಿಲ್ಲಿ’ ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ತಾಮ್ರ ಉಪ್ಪುನೀರಿನಲ್ಲಿ ಕರಗುತ್ತದೆ. ಹವಳ, ಬಸವನಹುಳು, ಸೀಗಡಿಗೆ ಅದು ಅತ್ಯಲ್ಪವಾದರೂ ವಿಷ, ಒಮ್ಮೆ ಕಲ್ಲಿಗೆ ಸೇರಿತೆಂದರೆ ಹೊರಬರುವುದು ಕಷ್ಟ. ಸ್ಟೀಲ್ ಸುರುಳಿ ಹಾಕೋಣವೆಂದರು. ಸಾಮಾನ್ಯ ಸ್ಟೀಲ್ ಕೂಡ ಇಲ್ಲಿ ತುಕ್ಕು ಹಿಡಿಯುತ್ತದೆ. ಅವರೇ ದೋಣಿಗಳ ಐಸ್ ಪೆಟ್ಟಿಗೆ ನೋಡಿದವರು, ವಾದ ಮಾಡಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಭಾವನೇ. ಕೂಲರಿನ ಒಳಪಾತ್ರೆಯಲ್ಲಿ ಸಿಹಿನೀರು ಇರಲಿ, ಅದನ್ನು ಅದು ತನ್ನ ಪಾಡಿಗೆ 12 ಡಿಗ್ರಿಗೆ ತಣ್ಣಗೆ ಇಟ್ಟುಕೊಳ್ಳಲಿ. ಮರಿಸಂಪಿನಲ್ಲಿ ಉಪ್ಪಿಗೆ ಜಗ್ಗದ ಟೈಟಾನಿಯಂ ಸುರುಳಿ. ತಣ್ಣೀರನ್ನು ಒಂದು ಸಣ್ಣ ಪಂಪ್ ಆ ಸುರುಳಿಯೊಳಗೆ ಸುತ್ತಿಸಿ ಹಿಂದಕ್ಕೆ ತರಲಿ. ತಾಮ್ರಕ್ಕೂ ಉಪ್ಪುನೀರಿಗೂ ಭೇಟಿಯೇ ಇಲ್ಲ. ದುಡ್ಡು ಹೋದದ್ದು ಟೈಟಾನಿಯಂ ಕೊಳವೆಗೆ ಮಾತ್ರ. ಸಣ್ಣ ಪಂಪಿಗೆ ಎಸ್‌ಟಿಸಿ-1000 ಥರ್ಮೋಸ್ಟಾಟ್ ಜೋಡಿಸಿದೆವು: 27ಕ್ಕೆ ಆನ್, 26.5ಕ್ಕೆ ಆಫ್. ನೂರು ಲೀಟರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ 116 ವಾಟ್-ಗಂಟೆ. ಕೂಲರಿಗೆ ಅದೇನೂ ಭಾರವಲ್ಲ. ಬೆವರುವ ಪೈಪುಗಳಿಗೆ ಎಸಿಯವರ ಕಪ್ಪು ಫೋಮ್ ಸುತ್ತಿದ್ದಾಯಿತು. ಮೇ ತಿಂಗಳ ಉರಿಯಲ್ಲೂ ತೊಟ್ಟಿ 27 ದಾಟಲಿಲ್ಲ. ಕೂಲರಿನ ಸದ್ದಿಗೆ ಅದನ್ನು ಹಿಂದಿನ ಜಗಲಿಗೆ ಕಳಿಸಬೇಕಾಯಿತು, ಗೋಡೆಯಲ್ಲಿ ಎರಡು ತೂತು ಕೊರೆಸಿ.

ಜುಲೈಯಲ್ಲಿ ಪ್ರವಾಹ. ರಾತ್ರಿ ಎರಡಕ್ಕೆ ಕರೆಂಟು ಹೋಯಿತು, ಪಂಪ್ ನಿಂತಿತು. ಪಂಪ್ ನಿಂತಾಗ ಮೇಲಿನ ತೊಟ್ಟಿಯ ನೀರು, ಅದನ್ನು ಮೇಲೆ ಕಳಿಸುವ ಪೈಪಿನಲ್ಲೇ ಹಿಂದಕ್ಕೆ ಜಗ್ಗಿಕೊಂಡು ಇಳಿಯುತ್ತದೆ. ಅದನ್ನು ತಡೆಯಲೆಂದೇ ನೀರಿನ ಮಟ್ಟದಿಂದ ಒಂದು ಸೆಂಟಿಮೀಟರ್ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆದಿದ್ದೆ; ಅಲ್ಲಿ ಗಾಳಿ ಹೊಕ್ಕರೆ ಜಗ್ಗುವುದು ನಿಲ್ಲುತ್ತದೆ. ಆರು ತಿಂಗಳಲ್ಲಿ ಪಾಚಿ ಆ ತೂತನ್ನು ಮುಚ್ಚಿಬಿಟ್ಟಿತ್ತು. ಪೈಪಿನ ಬಾಯಿ 9 ಸೆಂಟಿಮೀಟರ್ ಆಳದಲ್ಲಿತ್ತು: 60×40×9, ಸುಮಾರು 21.5 ಲೀಟರ್ ಇಳಿಯಿತು. ಮರಿಸಂಪಿನಲ್ಲಿ ಖಾಲಿ ಇದ್ದದ್ದು 16. ಉಳಿದ ಐದೂವರೆ ಲೀಟರ್ ಕಡಲು ರೆಡ್ ಆಕ್ಸೈಡ್ ನೆಲದ ಮೇಲೆ. ಈ ಲೆಕ್ಕವನ್ನು ತೊಟ್ಟಿ ಕಟ್ಟುವ ಮೊದಲೇ ಮಾಡಬಹುದಿತ್ತು, ಕಾಗದ ಪೆನ್ಸಿಲ್ ಎರಡೂ ಮನೆಯಲ್ಲಿದ್ದವು. ಈಗ ಪೈಪಿನ ಬಾಯಿಯನ್ನೇ ನೀರಿನಿಂದ ಎರಡು ಸೆಂಟಿಮೀಟರ್ ಕೆಳಗೆ ಎತ್ತಿ ಕೂರಿಸಿದ್ದೇನೆ. ತೂತು ಕಟ್ಟಿದರೂ ಇಳಿಯುವುದು ಐದು ಲೀಟರಿಗಿಂತ ತುಸು ಕಡಿಮೆ. ಅದೇ ಸಂದರ್ಭದಲ್ಲಿ ಎಲ್ಲ ಪ್ಲಗ್ಗುಗಳನ್ನೂ ತೊಟ್ಟಿಗಿಂತ ಎತ್ತರಕ್ಕೆ ಸರಿಸಿ, ವಿದ್ಯುತ್ ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ ಕರೆಂಟು ಕಡಿಯುವ ಸ್ವಿಚ್ (ಆರ್‌ಸಿಸಿಬಿ) ಹಾಕಿಸಿದೆ. ಉಪ್ಪು ವೈರಿನ ಮೇಲೆ ತೆವಳಿಕೊಂಡು ಪ್ಲಗ್ಗಿನವರೆಗೂ ಹೋಗುತ್ತದೆ; ಒಂದು ಪ್ಲಗ್ಗಿನ ಪಿನ್ನುಗಳು ಆಗಲೇ ಹಸಿರಾಗಿದ್ದವು.

ಆವಿಯಾಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ದಿನವೂ ಸಿಹಿನೀರು ತುಂಬಬೇಕು, ಬೇಸಿಗೆಯಲ್ಲಿ ಒಂದೂವರೆ ಲೀಟರ್, ಮಳೆಗಾಲದಲ್ಲಿ ಅರ್ಧ. ಇದಕ್ಕೊಂದು ಫ್ಲೋಟ್ ಸ್ವಿಚ್ ಇದೆ, ಮಟ್ಟ ಇಳಿದರೆ ಸಣ್ಣ ಪಂಪನ್ನು ಚಾಲೂ ಮಾಡುತ್ತದೆ. ಸೆಪ್ಟೆಂಬರಿನಲ್ಲಿ ಒಂದು ಬಸವನಹುಳು ಫ್ಲೋಟಿನ ಮೇಲೆ ಹತ್ತಿ ಕುಳಿತಿತು. ಸ್ವಿಚ್ ಪ್ರಕಾರ ಮಟ್ಟ ಇಳಿದೇ ಇತ್ತು. ಕ್ಯಾನಿನಲ್ಲಿದ್ದ 12 ಲೀಟರೂ ಒಳಗೆ ಹೋಯಿತು. ಬೆಳಿಗ್ಗೆ ಉಪ್ಪಿನಂಶ 31. ಒಮ್ಮೆಲೇ ಏರಿಸಲು ಹೋಗದೆ, 35ರ ನೀರನ್ನೇ ಸ್ವಲ್ಪ ಗಟ್ಟಿ ಮಾಡಿ ಎರಡು ದಿನಕ್ಕೆ ಹಂಚಿ ಹಾಕಿದೆ. ಸತ್ತದ್ದು ಏನೂ ಇಲ್ಲ, ಅಪರಾಧಿ ಹುಳುವೂ ಕ್ಷೇಮ.

ಆ ದಿನ ನನ್ನ ಬೆನ್ನು ತಣ್ಣಗಾದದ್ದು ಬೇರೆ ಕಾರಣಕ್ಕೆ. ಅದರ ಹಿಂದಿನ ವಾರವಷ್ಟೇ ತಿಳಿಸುಣ್ಣದ ನೀರನ್ನು ಅದೇ ಕ್ಯಾನಿಗೆ ತುಂಬುವ ಯೋಚನೆಯಲ್ಲಿದ್ದೆ. ಕಲ್ಲಿನ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಹಬ್ಬತೊಡಗಿದ ಮೇಲೆ ಅದು ನೀರಿನ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡನ್ನೂ ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಅಗ್ಗದ ವಸ್ತು ಸುಣ್ಣ. ಮಾವ ತಮ್ಮ ಸುಣ್ಣದ ಡಬ್ಬಿಯನ್ನು ಉದಾರವಾಗಿ ಮುಂದೆ ಚಾಚಿದರು. ನಾನು ಪ್ರಯೋಗಾಲಯದ ಶುದ್ಧ ಪುಡಿಯನ್ನೇ ತಂದೆ. ಲೀಟರಿಗೆ ಒಂದೂವರೆ ಗ್ರಾಂ ಹಾಕಿ, ಬಿಳಿ ಗಸಿ ಕೂತ ಮೇಲೆ ತಿಳಿ ಮಾತ್ರ ಬಳಸಬೇಕು. ಅದರ ಪಿಎಚ್ 12ಕ್ಕೂ ಮೇಲೆ. ಹನಿಹನಿಯಾಗಿ ರಾತ್ರಿ ಬಿದ್ದರೆ ಔಷಧಿ, 12 ಲೀಟರ್ ಒಮ್ಮೆಗೇ ಬಿದ್ದರೆ ತೊಟ್ಟಿಯೇ ಖಾಲಿ. ಈಗ ಕ್ಯಾನು ಮೂರು ಲೀಟರಿನದ್ದು ಮಾತ್ರ, ಫ್ಲೋಟಿನ ಸುತ್ತ ಜಾಲರಿ, ಅದರ ಮೇಲೆ ಇನ್ನೊಂದು ಫ್ಲೋಟ್. ಪಂಪಿಗೆ ಟೈಮರ್ ಹಾಕಿದ್ದೇನೆ, ದಿನಕ್ಕೆ ನಾಲ್ಕು ಬಾರಿ ಎರಡೆರಡು ನಿಮಿಷ. ಸುಣ್ಣದ ನೀರು ಕ್ಯಾನಿಗೆ ಇನ್ನೂ ಹೋಗಿಲ್ಲ, ಡ್ರಿಪ್ ಸೆಟ್ಟಿನಲ್ಲಿ ಕೈಯಾರೆ ಬಿಡುತ್ತೇನೆ. ಕ್ಷಾರತೆ (ಅದರ ಮಾನ ಡಿಕೆಎಚ್) 8ಕ್ಕಿಂತ ಕೆಳಗಿಳಿದರೆ ಮೂರು ಗ್ರಾಂ ಅಡುಗೆ ಸೋಡಾ. ನೂರು ಲೀಟರಿಗೆ ಅದು ಸರಿಯಾಗಿ ಒಂದು ಅಂಕ ಏರಿಸುತ್ತದೆ.

ಉಳಿದದ್ದು ಭಾನುವಾರದ ಚಾಕರಿ: ಹತ್ತು ಲೀಟರ್ ನೀರು ಬದಲಿಸುವುದು, ಗಾಜು ಉಜ್ಜುವುದು, ಸ್ಕಿಮ್ಮರಿನ ಬಟ್ಟಲು ತೊಳೆಯುವುದು, ಪೈಪಿನ ಆ ತೂತಿಗೆ ಹಲ್ಲುಕಡ್ಡಿ ಚುಚ್ಚುವುದು. ದೊಡ್ಡ ಅಣಬೆಯೊಂದು ಎರಡಾಗಿ ಸೀಳಿ ಪಕ್ಕದ ಕಲ್ಲಿಗೆ ದಾಟಿದೆ. ಕ್ಲೌನ್ ಮೀನುಗಳಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತಿದೆ. ಇವು ಹುಟ್ಟುವಾಗ ಎಲ್ಲವೂ ಗಂಡೇ, ಮನೆಯ ಯಜಮಾನಿಕೆ ಸಿಕ್ಕಿದ್ದು ಹೆಣ್ಣಾಗುತ್ತದೆ ಎಂದಾಗ ಅಮ್ಮ ಅಡುಗೆಮನೆಯಿಂದಲೇ ‘ಗೊತ್ತು’ ಎಂದರು.

ಕೂಲರಿನ ಫ್ಯಾನ್ ಮೋಟರ್ ಮೊನ್ನೆಯಿಂದ ಕಿರುಗುಟ್ಟುತ್ತಿದೆ. ಬೇರಿಂಗ್ ಹಾಕಲು ಭಾವ ಶನಿವಾರ ಬರುತ್ತಾರಂತೆ. ಅದಕ್ಕೆ ಹಿಡಿಯುವ ಎರಡು ಗಂಟೆಗಾಗಿ ಫ್ರೀಜರಿನಲ್ಲಿ ನಾಲ್ಕು ಬಾಟಲಿ ನೀರು ಇಟ್ಟಿದ್ದೇನೆ.